ತೆಗೆದರೂ ನಡೆಯುವ ಹಾಡು

ಮಸ್ಕತ್ತಿನ ನಮ್ಮ ಹವ್ಯಾಸಿ ತಂಡದ ನಿರ್ದೇಶಕರು ಧಾರವಾಡದ ಕಡೆಯವರು, ತೈಲ ಕಂಪನಿಯಲ್ಲಿ ಇಂಜಿನಿಯರು. ನೂರು ವರ್ಷ ಹಳೆಯ ಅಮೆರಿಕನ್ ಸಂಗೀತ ನಾಟಕವೊಂದನ್ನು ತಾವೇ ಕನ್ನಡಕ್ಕೆ ತಂದಿದ್ದರು. ಅದು ನ್ಯೂಯಾರ್ಕಿಗೆ ಬರುವ ಮೊದಲು ಊರೂರು ಸುತ್ತಿತ್ತಂತೆ. ಜನ ಆಕಳಿಸಿದ ಹಾಡು ಮರುದಿನ ಇರುತ್ತಿರಲಿಲ್ಲವಂತೆ. ಇವರ ಕೈಯಲ್ಲೂ ಅದೇ ಕತ್ತರಿ. ಕನ್ನಡಕ ತೆಗೆದು ಕೇಳುವರು: "ಇದನ್ನ ತಗದ್ರ ನಾಟಕ ನಡೀತದೇನ್ರಿ? ನಡೀತದ ಅಂದ್ರ ತಗೀರಿ." ಪ್ರೇಕ್ಷಕರು ಒನ್ಸ್ ಮೋರ್ ಕೂಗಿದರೂ ಯಾವ ಹಾಡನ್ನೂ ಮತ್ತೆ ಹಾಡಕೂಡದೆಂಬುದು ಅವರ ಕಟ್ಟಪ್ಪಣೆ.

ಎಣ್ಣೆಯ ಬೆಲೆ ಕುಸಿದಿದ್ದ ಕಾಲ. ವಾರದ ಕೊನೆಯ ಕೆಲಸದ ದಿನವಾದ ಗುರುವಾರ ಬಂತೆಂದರೆ ಆಫೀಸಿನಲ್ಲಿ ಯಾರನ್ನು ಕರೆದು ಮನೆಗೆ ಕಳಿಸುತ್ತಾರೋ ಎಂಬ ಭಯ. ವಾದಿ ಅದಾಯ್ ಬಡಾವಣೆಯಲ್ಲಿ ನಡೆಯುವ ತಾಲೀಮಿನಲ್ಲಿ ಯಾರ ಫೋನ್ ಮೊಳಗಿದರೂ ಹಾರ್ಮೋನಿಯಂ ಮೇಲೆ ನನ್ನ ಬೆರಳು ನಿಂತುಬಿಡುತ್ತಿತ್ತು.

ಅಂಥದೊಂದು ಗುರುವಾರ, ಕಾವಲುಗಾರನ ಪಾತ್ರದ ಉಡುಪಿಯ ಗೆಳೆಯ ತಡವಾಗಿ ಬಂದ. "ಸರ್, ನನ್ನ ಕೆಲಸ ಖಲಾಸ್. ನಾಟಕದ ಮರುದಿನವೇ ಊರಿಗೆ. ನನ್ನ ಹಾಡು ತೆಗ್ದುಬಿಡಿ ಮಾರಾಯ್ರೆ, ಸ್ವರವೇ ಹೊರಡುದಿಲ್ಲ. ಅದಿಲ್ಲದಿದ್ರೂ ನಡೀತದಲ್ಲ."

ನಡೆಯುತ್ತಿತ್ತು. ಹಿಂದೆ ಅದನ್ನು ತೆಗೆಯಲು ಹೊರಟಿದ್ದವರೂ ನಿರ್ದೇಶಕರೇ. ಅವರು ಕನ್ನಡಕ ತೆಗೆದರು. ಏನೂ ಕೇಳದೆ ಅದನ್ನು ಒರೆಸಿ, ಮತ್ತೆ ಹಾಕಿಕೊಂಡು, ನನ್ನತ್ತ ತಿರುಗಿ "ಶ್ರುತಿ ಕೊಡ್ರಿ" ಎಂದರು.

ಪ್ರದರ್ಶನದಲ್ಲಿ ಗೆಳೆಯನ ದನಿ ನಡುಗಿತು. ಹಾಡು ಮುಗಿದರೂ ಸಭೆಯಲ್ಲಿ ಒಂದು ಚಪ್ಪಾಳೆಯಿಲ್ಲ. ಅವನು ತಲೆತಗ್ಗಿಸಿ ಒಳಗೆ ಹೊರಟಿದ್ದ. ಆಗ ಕೊನೆಯ ಸಾಲಿನ ಕತ್ತಲಿನಿಂದ ಧಾರವಾಡದ ಗಂಟಲೊಂದು ಕೂಗಿತು: "ಒನ್ಸ್ ಮೋರ್!"