ಕಡಲಕಳೆಯ ಪುಡಿಗೆ ನಾನು ಕೊಟ್ಟ ಒಪ್ಪಿಗೆ

ಕೊರೋನಾ ತಣ್ಣಗಾದ ಮರುವರ್ಷ ನಾನು ಗದಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ವೃತ್ತಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಜನ ಆಗ ಕಾಯಿಲೆಗೆ ಮದ್ದು ಕೇಳುವುದಕ್ಕಿಂತ, ಕಾಯಿಲೆ ಬಾರದಂತೆ ಏನು ತಿನ್ನಬೇಕೆಂದು ಕೇಳುವುದೇ ಹೆಚ್ಚಾಗಿತ್ತು.

ಒಂದು ಮಧ್ಯಾಹ್ನ ರೇಣುಕಾ ಎಂಬ ಹೆಣ್ಣುಮಗಳು ತನ್ನ ಕೆಮ್ಮಿಗೆ ಔಷಧಿ ಬರೆಸಿಕೊಂಡು, ಹೊರಡುವಾಗ ಚೀಲದಿಂದ ಒಂದು ಡಬ್ಬಿ ತೆಗೆದಳು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳ ಮನೆಯ ಸೊಸೆ ಆಕೆ; ತಾಯಿಯನ್ನು ನೋಡಿಕೊಳ್ಳಲು ಆಗ ತವರು ಬೆಟಗೇರಿಯಲ್ಲಿದ್ದಳು. ಡಬ್ಬಿಯಲ್ಲಿದ್ದದ್ದು ಕಂದು ಕಡಲಕಳೆಯ ಪುಡಿ. ಮುಂಡರಗಿಯ ಪರಿಚಯದವರೊಬ್ಬರಿಂದ ತರಿಸಿದ್ದಳು.

“ನಮ್ಮವ್ವಗ ಭಾಳ ನಿಶ್ಶಕ್ತಿರಿ, ಸಾಹೇಬ್ರ. ಇದನ್ನ ಕೊಡಬಹುದೇನ್ರಿ?”

ಕಂದು ಕಡಲಕಳೆಯ ಬಗ್ಗೆ ಆಗಷ್ಟೇ ಓದಿದ್ದೆ. ಅದರ ಬಣ್ಣಕ್ಕೆ ಕಾರಣವಾದ ಫ್ಯೂಕೊಜಾಂಥಿನ್, ಜೊತೆಗಿರುವ ಫ್ಲೋರೊಟ್ಯಾನಿನ್ ಎರಡೂ ಆಂಟಿಆಕ್ಸಿಡೆಂಟ್‌ಗಳು, ಅಂದರೆ ಜೀವಕೋಶಗಳು ಸವೆಯದಂತೆ ತಡೆಯುವ ವಸ್ತುಗಳು. ಪ್ರಯೋಗಾಲಯಗಳಲ್ಲಿ ಅವು ಒಳ್ಳೆಯ ಗುಣ ತೋರಿಸಿದ್ದವು. ಕಡಲತೀರದ ಎಷ್ಟೋ ದೇಶಗಳ ಜನ ಅದನ್ನು ತಲೆಮಾರುಗಳಿಂದ ಉಣ್ಣುತ್ತಾರೆ. ಹೊರಗೆ ರೋಗಿಗಳ ಸಾಲು ಇತ್ತು.

“ಕೊಡವಾ, ಏನೂ ಆಗೂದಿಲ್ಲ,” ಎಂದೆ.

ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಅದೇ ರೇಣುಕಾ ಆಟೋದಲ್ಲಿ ತಾಯಿಯನ್ನು ಕರೆತಂದಳು. ಜೊತೆಗೆ ಅಣ್ಣ ಈರಣ್ಣನೂ ಇದ್ದ. ತಾಯಿ ಶಾಂತವ್ವ ಐವತ್ತೆಂಟರ ಹೆಂಗಸು, ಬೆಟಗೇರಿಯಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುವವರು. ಒಂದು ತಿಂಗಳಿಂದ ಕೈ ನಡುಗಿ ಎಳೆ ಹರಿಯುತ್ತಿತ್ತಂತೆ. ಮೈ ಇಳಿದಿತ್ತು. ಕಣ್ಣು ಮಂಜಾಗಿರಬೇಕೆಂದು ಚಷ್ಮಾ ಬದಲಿಸಿದ್ದರು. ಆ ದಿನ ಮಗ್ಗದ ಮೇಲೆ ಕೂತಿದ್ದಾಗಲೇ ಲಾಳಿ ಕೈಯಿಂದ ಜಾರಿ ಬಿತ್ತು; ಬಲಗೈ ಮತ್ತೆ ಎತ್ತಲಾಗಲಿಲ್ಲ, ಮಾತು ತೊದಲಿತು.

ನಾಡಿ ನಿಮಿಷಕ್ಕೆ ನೂರನಲವತ್ತು, ಅದೂ ಲಯವಿಲ್ಲದೆ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡಿತು. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಬರೀ ಅದುರುತ್ತವೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಅಂಥದೊಂದು ಹೆಪ್ಪು ಮಿದುಳಿಗೆ ಹೋಗಿತ್ತು. ಆದರೆ ಹೃದಯ ಹೀಗೆ ಕೆಡಲು ಕಾರಣವೇನು? ಕುತ್ತಿಗೆ ಪರೀಕ್ಷಿಸಲು ಸೆರಗು ಸರಿಸಿದೆ. ಗಂಟಲಿನ ಬಲಕ್ಕೆ ನಿಂಬೆಕಾಯಿಯಷ್ಟು ಗಡ್ಡೆ.

“ಇದು ಯಾವಾಗಿಂದ ಐತವಾ?”

“ನಾನು ಸಣ್ಣಾಕಿ ಇದ್ದಾಗಿಂದ ನೋಡೇನ್ರಿ,” ಎಂದಳು ರೇಣುಕಾ. “ನೋವಿಲ್ಲ, ಏನಿಲ್ಲ. ಯಾರಿಗೂ ತೋರಿಸಿಲ್ರಿ.”

ನನಗೆ ಡಬ್ಬಿ ನೆನಪಾಯಿತು. ದಿನಾ ಎರಡು ಚಮಚ, ತಪ್ಪದೆ ಕೊಟ್ಟಿದ್ದಳು. ಕಂದು ಕಡಲಕಳೆ ಸಮುದ್ರದ ನೀರಿನಿಂದ ಅಯೋಡಿನ್ ಹೀರಿಕೊಂಡು ಕೂಡಿಟ್ಟುಕೊಳ್ಳುತ್ತದೆ. ಕುತ್ತಿಗೆಯಲ್ಲಿ ಹಳೆಯ ಗಡ್ಡೆಯಿರುವ ಥೈರಾಯ್ಡ್ ಗ್ರಂಥಿಗೆ ಒಮ್ಮೆಲೇ ಅಷ್ಟು ಅಯೋಡಿನ್ ಸಿಕ್ಕರೆ ಕೆಲವರಲ್ಲಿ ಅದು ಹತೋಟಿ ತಪ್ಪಿ ಹಾರ್ಮೋನು ಸುರಿಸತೊಡಗುತ್ತದೆ; ಅದರಿಂದ ಮೈ ಇಳಿಯುತ್ತದೆ, ಕೈ ನಡುಗುತ್ತದೆ, ಹೃದಯ ಲಯ ತಪ್ಪುತ್ತದೆ. ರಕ್ತಪರೀಕ್ಷೆ ಅದನ್ನೇ ಹೇಳಿತು. ಪುಡಿಯಿಂದಲೇ ಹೀಗಾಗಿದೆ ಎಂದು ಮಕ್ಕಳಿಗೆ ಹೇಳಿ ಅದನ್ನು ನಿಲ್ಲಿಸಿ, ಥೈರಾಯ್ಡ್ ತಗ್ಗಿಸುವ, ನಾಡಿಯ ವೇಗ ಇಳಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಟ್ಟೆವು. ಮೊದಲ ಎರಡು ದಿನ ಉಳಿಯುತ್ತಾರೆಂಬ ಭರವಸೆ ನನಗಿರಲಿಲ್ಲ. ಮೂರನೆಯ ದಿನ ನಾಡಿ ತೊಂಬತ್ತಕ್ಕೆ ಇಳಿಯಿತು. ಬರಬರುತ್ತ ಮಾತು ತಿಳಿಯಾಯಿತು.

ಒಂಬತ್ತನೆಯ ದಿನ ವಾರ್ಡಿಗೆ ಹೋದಾಗ ಈರಣ್ಣ ತಂಗಿಯ ಮೇಲೆ ಹರಿಹಾಯುತ್ತಿದ್ದ. “ನಿನ್ನ ಪುಡಿನ ಅವ್ವನ್ನ ಈ ಗತಿಗೆ ತಂತು! ಯಾರನ್ನ ಕೇಳಿ ತಂದಿ?” ರೇಣುಕಾ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು, ಬಾಯಿ ಬಿಡಲಿಲ್ಲ. ಆಕೆ ನನ್ನ ಮಾನ ಕಾಯುತ್ತಿದ್ದಳು.

ಸುಮ್ಮನೆ ಕೇಸ್ ಶೀಟ್ ನೋಡಿ ಮುಂದಿನ ಹಾಸಿಗೆಗೆ ಹೋಗಬಹುದಿತ್ತು. ಹಾಗೆ ಹೋಗುವ ಮನಸ್ಸೂ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

“ಈರಣ್ಣ, ಆಕಿ ನನ್ನನ್ನ ಕೇಳಿದ್ಳು,” ಎಂದೆ. “ಕೊಡು ಅಂದಾಂವ ನಾನು. ನಿಮ್ಮವ್ವಗ ಮೊದಲಿಂದ ಏನರ ಬ್ಯಾನಿ ಐತೇನು ಅಂತ ನಾನು ಕೇಳಲಿಲ್ಲ. ತಪ್ಪು ನಂದು.”

ಈರಣ್ಣ ಸರಕ್ಕನೆ ತಿರುಗಿ ವಾರ್ಡಿನಿಂದ ಹೊರಗೆ ಹೋದ. ಶಾಂತವ್ವ ಎಡಗೈಯಿಂದ ಮಗಳ ಮಣಿಕಟ್ಟು ಹಿಡಿದುಕೊಂಡರು.

“ಹೇಳಿದ್ದು ಛಲೋ ಆತ್ರಿ,” ಎಂದರು ನಿಧಾನವಾಗಿ. “ಇಲ್ಲಾಂದ್ರ ನನ್ನ ಮಗಳು ಸಾಯೂಮಟ ಇದನ್ನ ಹೊತ್ಕೊಂಡು ತಿರಗತಿದ್ಳು.” ಕ್ಷಮಿಸಿದೆ ಎಂದೇನೂ ಅವರು ಹೇಳಲಿಲ್ಲ.

ಅವರ ಬಲಗೈ ಊಟ ಮಾಡುವಷ್ಟಕ್ಕೆ ಬಂತು, ನೇಯುವಷ್ಟಕ್ಕೆ ಬರಲಿಲ್ಲ. ಈರಣ್ಣ ಇಂದಿಗೂ ನನ್ನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ತಾಯಿಯನ್ನು ತಪಾಸಣೆಗೆ ಕರೆತರುವವಳು ರೇಣುಕಾ.

ಕಡಲಕಳೆಯನ್ನು ನಾನು ದೂರುವುದಿಲ್ಲ. ಅದರ ಒಳ್ಳೆಯ ಗುಣಗಳು ಸುಳ್ಳಲ್ಲ. ಆದರೆ ತಿನ್ನುವವರ ಮೈ ಅರಿಯದೆ ಯಾವ ಪದಾರ್ಥವನ್ನೂ ಒಳ್ಳೆಯದೆನ್ನಲಾಗದು. ಇದನ್ನು ಪುಸ್ತಕವೂ ಕಲಿಸೀತು. ಆ ವಾರ್ಡು ಕಲಿಸಿದ್ದು ಬೇರೆ: ವೈದ್ಯನ ತಪ್ಪನ್ನು ವೈದ್ಯ ಒಪ್ಪದಿದ್ದರೆ ಅದು ಅಲ್ಲಿಗೇ ಮುಗಿಯುವುದಿಲ್ಲ, ರೋಗಿಯ ಮನೆಯಲ್ಲಿ ಯಾರೋ ಒಬ್ಬರ ತಲೆಗೆ ಬರುತ್ತದೆ. ಹೆಚ್ಚಾಗಿ, ಅತ್ಯಂತ ಅಕ್ಕರೆಯಿಂದ ನೋಡಿಕೊಂಡವರ ತಲೆಗೆ.