ಉಣ್ಣೆಯಿಲ್ಲದ ಹಸು

ನನ್ನ ನಾದಿನಿ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಹೀಗೆ ಹೇಳಿದರೆ ಕೇಳಿದವರು ಕೈಮುಗಿಯುತ್ತಾರೆ. ಅದಕ್ಕಾಗಿ ಅವಳು ಹಸುವಿನ ಮೈಯಿಂದ ಉಣ್ಣೆ ಹೆಕ್ಕುತ್ತಾಳೆ, ಕಿವಿಯ ಸಂದಿ ಕೆಚ್ಚಲ ಸಂದಿಯಲ್ಲಿ ಕೂತು ರಕ್ತ ಕುಡಿದು ಉಬ್ಬುತ್ತದಲ್ಲ ಅದೇ ಉಣ್ಣೆ ಎಂದು ಸೇರಿಸಿದರೆ ಮುಗಿದ ಕೈ ಕೆಳಗಿಳಿಯುತ್ತದೆ. ಹೆತ್ತ ತಾಯಿ, ಅಂದರೆ ನಮ್ಮತ್ತೆಯೇ, "ಅಷ್ಟೆಲ್ಲ ಓದಿದ್ದು ಉಣ್ಣೆ ಕೀಳಾಕೇನೇ? ನಾನು ಸ್ಕೂಲ್ ಮೆಟ್ಲು ಹತ್ತದಂಗೇ ಕೀಳ್ತಿದ್ದೆ ಕಣೇ" ಎಂದು ಅವಳ ಮುಖಕ್ಕೇ ಹೇಳಿದ್ದಾರೆ.

ಕಳೆದ ಬೇಸಿಗೆಯಲ್ಲಿ ಅವಳ ಫೋನು ಬಂತು. "ಅತ್ತಿಗೆ, ಸೋಮವಾರ ಬತ್ತೀನಿ. ನಮ್ಮ ಹಸಿನ ಉಣ್ಣೆ ಬೇಕು, ಬೀದಿಯವ್ರ ಹಸುಗಳದ್ದೂ ಬೇಕು. ಒಂಚೂರು ರಕ್ತಾನೂ."

ಆಗಲಿ ಕಣಮ್ಮಾ ಎಂದೆ. ಆದರೆ ಅವಳು ಆರಿಸಿಕೊಂಡದ್ದು ಸೋಮವಾರ. ಚೌಳಹಿರಿಯೂರಿನ ಕಡೆಯ ನಮ್ಮ ಊರಿನಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅವತ್ತು ದನಗಳ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಆಮೇಲೇ ನಮ್ಮ ಪೂಜೆ. ನಾನು ಈ ಮನೆಗೆ ಬಂದಾಗಿನಿಂದ ತಪ್ಪಿಸಿಲ್ಲ. ಅವಳಿಗೆಂದು ನಾಲ್ಕು ಉಣ್ಣೆಯನ್ನಾದರೂ ಬಿಟ್ಟರಾಯಿತು ಎಂದುಕೊಂಡೇ ಬೇವಿನ ಸೊಪ್ಪು ಕುದಿಸಿದ ನೀರು, ತೆಂಗಿನ ನಾರು ಹಿಡಿದು ಶುರು ಮಾಡಿದೆ. ಶುರು ಮಾಡಿದ ಮೇಲೆ ಒಂದನ್ನು ಬಿಡಲೂ ಮನಸ್ಸು ಬರಲಿಲ್ಲ. ನೆಂಟರು ಬರುವ ಹೊತ್ತಿಗೆ ಮನೆಯ ಹಸು ಹೊಲಸಾಗಿ ನಿಂತಿರುವುದೆಂದರೇನು? ಕಿತ್ತ ಉಣ್ಣೆಯನ್ನೆಲ್ಲ ಬಚ್ಚಲ ಒಲೆಯ ಕೆಂಡಕ್ಕೆ ಹಾಕಿದೆ. ಚಟಪಟ ಅಂದವು. ಉಣ್ಣೆಯ ವಿಷಯದಲ್ಲಿ ಶಿವನು ಕಣ್ಣು ಮುಚ್ಚಿಕೊಳ್ಳುತ್ತಾನೆಂದು ನಾನು ನಂಬಿದ್ದೇನೆ. ಮೂರು ಕಣ್ಣಿರುವುದರಿಂದ ಅವನಿಗೆ ಕೊಂಚ ಕಷ್ಟವಾಗಬಹುದು, ಅಷ್ಟೇ.

ಭುಜದ ಮುಂಭಾಗ ಉಜ್ಜುವಾಗ ಕೈಗೆ ಗಂಟು ಸಿಕ್ಕಿತು. ನಿಂಬೆಹಣ್ಣಿನಷ್ಟಿತ್ತು. ಹಿಂದಿನ ದಿನದಿಂದ ಹಸು ಬೂಸಾ ಮೂಸಿ ಬಿಡುತ್ತಿತ್ತು. ದೃಷ್ಟಿಯಾಗಿರಬೇಕೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಿ ಸುಮ್ಮನಾಗಿದ್ದೆ. ನಮ್ಮ ಮನೆಯಲ್ಲಿ ಗಂಟು ಎಂದರೆ ಎಲ್ಲರ ಕೈಯೂ ಅಲ್ಲೇ ನಿಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ಅತ್ತೆಯ ಎದೆಯಲ್ಲಿ ಇಷ್ಟೇ ಗಾತ್ರದ ಗಂಟು ಸಿಕ್ಕು, ಆಪರೇಷನ್ ಆಗಿ, ತಲೆಗೂದಲೆಲ್ಲ ಉದುರಿ ಮತ್ತೆ ಬಂದಿದೆ. ಮೊದಲಿಗಿಂತ ಗುಂಗುರಾಗಿ ಬಂದಿದೆ ಎಂದು ಅವರಿಗೆ ಒಳಗೊಳಗೇ ಜಂಬ. ಅವರನ್ನು ಕರೆದೆ. ಬಂದು ಮುಟ್ಟಿ ನೋಡಿದರು. ಯಾವಾಗಲೂ ಸೀಮೆಹಸುವನ್ನು ಬೈಯುವವರು, "ನಮ್ಮ ತವರು ಅಜ್ಜಂಪುರದ ಕಾವಲಿನ ದನ ನೋಡಿದ್ರೆ ಇದ್ನ ಹಸ ಅಂತೀರಾ" ಎನ್ನುವವರು, ಅವತ್ತು ಅದರ ಕತ್ತು ನೇವರಿಸಿದರು.

ಅದೇ ಹೊತ್ತಿಗೆ ನಾದಿನಿ ಐಸ್‌ಬಾಕ್ಸ್ ಹಿಡಿದು ಬಸ್ಸಿಳಿದು ಬಂದಳು. ಹಸು ಥಳಥಳ ಹೊಳೆಯುತ್ತಿತ್ತು. ಬೀದಿಯ ಹಸುಗಳೆಲ್ಲ ಹೊಳೆಯುತ್ತಿದ್ದವು, ಏಕೆಂದರೆ ಬೆಂಗಳೂರಿನಿಂದ ಯಾರೋ ಹಸು ನೋಡಲು ಬರುತ್ತಾರೆಂಬ ಸುದ್ದಿ ಕೇಳಿ, ಎಂದೂ ತೊಳೆಯದವರೂ ತೊಳೆದಿದ್ದರು.

"ಅತ್ತಿಗೆ, ಉಣ್ಣೆ ಎಲ್ಲಿ?"

"ಒಲೇಲಿ."

ಅವಳು ಅಳುವುದೋ ನಗುವುದೋ ತಿಳಿಯದೆ ಜಗಲಿಯ ಮೇಲೆ ಕೂತಳು. ಆಮೇಲೆ ನಾನು ಗಂಟು ತೋರಿಸಿದೆ. ಅವಳ ಮುಖವೇ ಬದಲಾಯಿತು. ಹಸುವಿನ ಕಣ್ಣ ರೆಪ್ಪೆ ಬಿಡಿಸಿ ನೋಡಿದಳು. ಒಳಗೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

"ಥೈಲೇರಿಯಾ ಇರ್ಬೇಕು. ಉಣ್ಣೆ ಕಚ್ಚಿ ಬರೋ ಜ್ವರ. ನಾನು ಓದ್ತಿರೋದೇ ಇದನ್ನ ಅತ್ತಿಗೆ. ತಡ ಆದ್ರೆ ಉಳಿಯಲ್ಲ."

ಪಶುಡಾಕ್ಟರಿಗೆ ಫೋನು ಮಾಡಿದೆವು. ಅವರು ಹೇಳಿದ ಇಂಜೆಕ್ಷನ್ ಅವರ ಹತ್ತಿರವೇ ಇರಲಿಲ್ಲ. ನಮ್ಮ ಯಜಮಾನರು ಬೈಕ್ ಹತ್ತಿ ಕಡೂರಿಗೆ ಓಡಿದರು. ಅಲ್ಲಿಂದ ಫೋನು ಮಾಡಿ, "ಇಲ್ಲಿಲ್ಲ, ತರೀಕೆರೇಲಿ ಐತಂತೆ, ಹೋಗ್ತಾ ಇದೀನಿ" ಎಂದರು. ಕಾಯುವುದಷ್ಟೇ ಉಳಿಯಿತು. ಹಸು ಕಾಲು ಮಡಿಚಿ ಮಲಗಿಬಿಟ್ಟಿತು.

ಕಾಯುವ ಹೊತ್ತಿನಲ್ಲಿ ಅವಳು ನಮಗೆ ರೋಗ ಬಿಡಿಸಿ ಹೇಳಿದಳು. ನನಗೆ ಅರ್ಥವಾದಷ್ಟು ಹೀಗೆ. ಉಣ್ಣೆಯ ಜೊಲ್ಲಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ಇದೆ, ಪರೋಪಜೀವಿ. ಅದು ಹಸುವಿನ ಬಿಳಿ ರಕ್ತಕಣದೊಳಗೆ ಹೋಗಿ ಕೂರುತ್ತದೆ. ಉಂಡು ಹೋಗುವ ನೆಂಟನ ಜಾತಿಯಲ್ಲ. ಅಡುಗೆಮನೆಗೇ ನುಗ್ಗಿ, ಒಲೆ ಆರಿಸಬೇಡಿ, ಅನ್ನ ಇಡುತ್ತಲೇ ಇರಿ ಎಂದು ಹುಕುಂ ಮಾಡುವ ಜಾತಿ. ಆ ಕಣ ಒಂದೇ ಸಮನೆ ಹೆಚ್ಚುತ್ತಾ ಹೋಗುತ್ತದೆ, ಥೇಟ್ ಕ್ಯಾನ್ಸರ್ ಕಣದ ಹಾಗೆ. ಕಣ ಎರಡಾದಾಗ ಈ ನೆಂಟನೂ ಎರಡಾಗಿ, ಮನೆ ಪಾಲಾದ ಮೇಲೂ ಎರಡೂ ಪಾಲಿನಲ್ಲಿ ಕಾಲು ಚಾಚಿ ಮಲಗಿರುತ್ತಾನೆ. ಆದರೆ ಔಷಧಿ ಬಿದ್ದು ನೆಂಟ ಸತ್ತರೆ ಒಲೆ ತಾನಾಗಿಯೇ ಆರುತ್ತದೆ. ಅವನ ಯಾವ ಜೀನು ಯಾವ ಸ್ವಿಚ್ಚು ಹಿಡಿದುಕೊಂಡಿದೆ ಎಂದು ಗೊತ್ತಾದರೆ ಮನುಷ್ಯರ ಕ್ಯಾನ್ಸರ್ ಬಗ್ಗೆಯೂ ಏನಾದರೂ ತಿಳಿದೀತು ಎಂದು ಇವಳು ಹುಡುಕುತ್ತಿದ್ದಾಳೆ.

ಅತ್ತೆ ಎಲೆ ಮಡಿಸುತ್ತಾ ಕೇಳಿದರು, "ಹಂಗಾರೆ ನನಗೂ ಉಣ್ಣೆ ಕಚ್ಚಿತ್ತೇನೇ?"

"ಇಲ್ಲ ಕಣವ್ವ. ನಿಂದು ಬೇರೆ. ಅದ್ರೊಳಗೆ ಯಾವ ಹುಳಾನೂ ಇರ್ಲಿಲ್ಲ."

"ಹುಳ ಇದ್ದಿದ್ರೆ ಒಂದು ಇಂಜೆಕ್ಷನ್ನಲ್ಲಿ ಮುಗೀತಿತ್ತು. ಸೀಮೆಹಸೀಗಿರೋ ಪುಣ್ಯ ನನಗಿಲ್ವಲ್ಲ, ಬಿಡು."

ಪಶುಡಾಕ್ಟರು ಬಂದರು. ಆಗ ನಾದಿನಿ ಕೊಂಚ ಅಳುಕಿಕೊಂಡೇ ನನ್ನನ್ನು ಕೇಳಿದಳು. ಇಂಜೆಕ್ಷನ್ ಬರುವ ಮೊದಲು ಆ ಗಂಟಿಗೆ ಸೂಜಿ ಹಾಕಿಸಿ ಒಂದೆರಡು ಹನಿ ತೆಗೆಸಿಕೊಳ್ಳಲೇ? ಔಷಧಿ ಬಿದ್ದ ಮೇಲೆ ಹುಳ ಸಾಯುತ್ತದೆ, ಅವಳಿಗೆ ಬದುಕಿರುವುದು ಬೇಕು. ಉಣ್ಣೆಯಂತೂ ಹೋಯಿತು.

"ನಿನಗೆ ಬದುಕಿರೋ ಹುಳ ಬೇಕು, ನಮಗೆ ಬದುಕಿರೋ ಹಸ ಬೇಕು," ಎಂದರು ಅತ್ತೆ.

"ಇದ್ರಿಂದ ಇಂಜೆಕ್ಷನ್ ಒಂದು ಗಳಿಗೇನೂ ತಡ ಆಗಲ್ಲ ಅವ್ವ. ಅಣ್ಣ ಇನ್ನೂ ದಾರೀಲಿದಾನೆ."

ನನಗೆ ನರಳುತ್ತಿರುವ ಪ್ರಾಣಿಗೆ ಇನ್ನೊಂದು ಚುಚ್ಚು ಯಾಕೆ ಅನ್ನಿಸಿತು. ಅತ್ತೆ ಹಸುವಿನ ಗಂಟನ್ನು ಇನ್ನೊಮ್ಮೆ ಸವರಿ, ಎದ್ದು ಹೋಗಿ ಅದರ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕೂತರು. "ನಂದಕ್ಕೂ ಮೊದ್ಲು ಸೂಜಿನೇ ಹಾಕಿದ್ದು. ನೋವೇನಿಲ್ಲ, ಭಯ ಅಷ್ಟೇ. ಹಾಕಿ ಡಾಕ್ಟ್ರೇ," ಎಂದರು. ಡಾಕ್ಟರು ಹಾಕಿದರು. ಹಸು ಕಿವಿ ಒದರಿತು. ಅತ್ತೆ ಅದರ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಗೋಡೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ಸಾಹೇಬರ ಹೆಂಡತಿ ಒಳಗಿದ್ದ ಮಗಳಿಗೆ ದಖನಿ ಉರ್ದುವಿನಲ್ಲಿ ಏನೋ ಕೂಗಿ, ನನ್ನ ಕಡೆ ತಿರುಗಿದರು. "ಅಕ್ಕಾ, ನಮ್ಮ ಎಮ್ಮೆ ತೊಳ್ದೇ ಇಲ್ಲ ಅಂತ ದಿನಾ ಆಡ್ಕೋತೀರಲ್ಲ. ಈಗ ಬಂದು ಎಷ್ಟು ಬೇಕೋ ಅಷ್ಟು ಉಣ್ಣೆ ತಗೊಳ್ಳಿ." ನಾದಿನಿ ಡಬ್ಬಿ ತುಂಬ ಹೆಕ್ಕಿಕೊಂಡಳು. ಆ ಹೆಂಗಸಿನ ಮುಖದಲ್ಲಿದ್ದ ಗೆಲುವು ಇನ್ನೂ ಇಳಿದಿಲ್ಲ.

ಯಜಮಾನರು ಇಂಜೆಕ್ಷನ್ ತಂದರು, ಡಾಕ್ಟರು ಕೊಟ್ಟರು, ನಾದಿನಿ ಐಸ್‌ಬಾಕ್ಸ್ ತಬ್ಬಿಕೊಂಡು ಕಡೂರಿಗೆ ಹೋಗಿ ರೈಲು ಹತ್ತಿದಳು. ನಾನು ಈಶ್ವರನ ಗುಡಿಗೆ ಒಂದು ಗೊನೆ ಬಾಳೆಹಣ್ಣು ಹರಕೆ ಹೊತ್ತು, ಅವತ್ತೇ ಗೊನೆ ತಂದು ಮೀಸಲೆಂದು ಜಗಲಿಯ ಮೇಲಿಟ್ಟೆ. ಹಸು ಎದ್ದ ದಿನ ಕೊಂಡೊಯ್ಯುವುದೆಂದು.

ಹಸು ಏಳಲಿಲ್ಲ. ಹಸಿ ಹುಲ್ಲು, ಬೆಲ್ಲದ ನೀರು, ಯಾವುದಕ್ಕೂ ಬಾಯಿ ಹಾಕಲಿಲ್ಲ. ಬೆಂಗಳೂರಿನಿಂದ ಮಾತ್ರ ದಿನಾ ಫೋನು. ಅಲ್ಲಿ ಬಾಟಲಿಯಲ್ಲಿ ಇಟ್ಟಿರುವ ನಮ್ಮ ಹಸುವಿನ ಕಣಗಳು ಚೆನ್ನಾಗಿ ಬೆಳೆಯುತ್ತಿವೆಯಂತೆ. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. "ಅಲ್ಲಿ ನೀನು ಒಯ್ದಿರೋ ಹನಿ ಹೊಟ್ಟೆತುಂಬ ಉಣ್ತಾ ಐತೆ, ಇಲ್ಲಿ ಇಡೀ ಹಸ ಉಪವಾಸ ಬಿದ್ದೈತೆ. ಯಾವ ಸೀಮೆ ನ್ಯಾಯ ಕಣೇ ಇದು?"

ಇನ್ನೊಂದು ದಿನ ಅವಳೇ ಬೆಳಿಗ್ಗೆ ಬೇಗ ಫೋನು ಮಾಡಿದಳು. ಒಂದು ಬಾಟಲಿಗೆ ಅದೇ ಔಷಧಿ ಹಾಕಿ ಇಟ್ಟಿದ್ದಳಂತೆ. ಅದರಲ್ಲಿ ಬೆಳವಣಿಗೆ ನಿಂತಿದೆಯಂತೆ. "ಇಲ್ಲಿ ನಿಂತಿದೆ ಅಂದ್ರೆ ಅಲ್ಲೂ ನಿಂತಿರ್ಬೇಕು ಅತ್ತಿಗೆ. ಇನ್ನು ಅದಕ್ಕೆ ಶಕ್ತಿ ಬರೋದೊಂದೇ ಬಾಕಿ." ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೂ ನನ್ನ ಕಣ್ಣ ಮುಂದೆ ಬಂದದ್ದು ಆ ಬಾಟಲಿಯೇ. ಶಿವನು ಬೇಸರ ಮಾಡಿಕೊಂಡಿರಲಾರ. ಅವನಿಗೂ ಹಸುವಿನ ಸಂಬಂಧ ಮನೆಯದೇ.

ಪೂಜೆ ಮುಗಿಸಿ ಹೊರಗೆ ಬರುವಾಗ ಜಗಲಿಯ ಕಡೆ ಸದ್ದಾಯಿತು. ಹಸು ಎದ್ದು ನಿಂತಿತ್ತು. ಕಾಲು ನಡುಗುತ್ತಿದ್ದವು. ಹಗ್ಗ ಜಗ್ಗಿ ಕತ್ತು ಚಾಚಿ, ಮೀಸಲಿಟ್ಟ ಗೊನೆಯಿಂದ ಹಣ್ಣನ್ನು ಸಿಪ್ಪೆ ಸಮೇತ ಎಳೆದು ತಿನ್ನುತ್ತಿತ್ತು. ನಾನು ಅಯ್ಯೋ ಶಿವನೇ ಎಂದು ಗೊನೆ ಎತ್ತಿಕೊಳ್ಳಲು ಓಡಿದೆ.

ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಎತ್ತಿದ್ರೆ ನೋಡು. ತಿನ್ಲಿ ಬಿಡು. ದೇವ್ರಿಗೇನು, ಸೂಜಿ ಹಾಕವ್ರಾ?"

ಸಾಕೆನ್ನುವಷ್ಟು ತಿಂದ ಮೇಲೆ ಅದು ನಿಂತಲ್ಲೇ ಮೆಲುಕು ಹಾಕಿತು. ನಾನು ಉಳಿದ ಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುಡಿಗೆ ಹೋದೆ. ಪೂಜೆಯವರು ಹರಕೆಯ ಗೊನೆ ಎಲ್ಲಿ ತಾಯೀ ಎಂದು ಕೇಳಿದರು. ಮುಕ್ಕಾಲು ಪಾಲು ಮನೆಯಲ್ಲೇ ನೈವೇದ್ಯವಾಯಿತು ಎಂದೆ. ಕಡಿಮೆ ಬಿತ್ತೆಂದು ಇದುವರೆಗೆ ಆ ಕಡೆಯಿಂದ ದೂರು ಬಂದಿಲ್ಲ.