ಅರ್ಧಕ್ಕೆ ಪುಸ್ತಕ ಮುಚ್ಚುತ್ತಿದ್ದ ಅಕ್ಕೋರು

ನಿಜಾಮರ ಕಾಲದಲ್ಲಿ ಬೈಬಲ್ ಓದಿ ಹೇಳುವ ಅಕ್ಕೋರೊಬ್ಬರು ಸಂತೆಯ ದಿನ ಕಲಬುರಗಿಯಿಂದ ಚಕ್ಕಡಿಯಲ್ಲಿ ಕಮಲಾಪುರದ ನಮ್ಮ ಮನೆಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಲೋಕ ಕಾಯುವ ಮಗನೊಬ್ಬ ಹುಟ್ಟುತ್ತಾನೆಂದು ಪ್ರತಿ ಸಲ ಒಬ್ಬೊಬ್ಬ ಪ್ರವಾದಿ ನುಡಿದದ್ದನ್ನು ಓದಿ ಪುಸ್ತಕ ಮುಚ್ಚಿಬಿಡುತ್ತಿದ್ದರು.

"ಹುಟ್ಟಿದನೇನ್ರಿ?" ಎಂದು ಅಜ್ಜಿ ಪೀಡಿಸಿದರೆ, "ಹೊತ್ತು ಬರಲಿ ಅವ್ವಾ. ಆ ಮಂದಿ ತಲೆಮಾರುಗಟ್ಟಲೆ ಕಾದಾರ," ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಒಂದು ಸಂತೆಯ ದಿನ, ಜ್ವರದಲ್ಲಿ ಮಲಗಿದ್ದ ಅಜ್ಜಿ ಅಕ್ಕೋರ ಕೈ ಹಿಡಿದು, "ಮುಂದಿನ ಸಂತಿತನಕ ನಾ ಇರಂಗಿಲ್ರಿ," ಎಂದಳು.

ಅಕ್ಕೋರು ಪುಸ್ತಕ ತೆರೆಯಲೇ ಇಲ್ಲ. ಅಜ್ಜಿಯ ಕಿವಿಗೆ ಬಾಗಿ, "ಹೊತ್ತು ಬಂತವ್ವಾ. ದನದ ಕೊಟ್ಟಿಗ್ಯಾಗ ಹುಟ್ಟ್ಯಾನ," ಎಂದರು.

ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಬಾಣಂತಿ ಆರಾಮ ಅದಾಳೇನ್ರಿ?"